ಏಣಿನ ಮೇಲೆ ಹೇಳಿದ ಸುದ್ದಿ

ಮೂರನೆಯ ಸಲವೂ ಆಫ್ರಾಳ ಸ್ಕೀಯ ಅಡಿಗೆ ಅಂಟಿಸಿದ್ದ ರೋಮದ ಪಟ್ಟಿ ಕಳಚಿಕೊಂಡಾಗ ಬುರ್ಗಿಯ ತಾಳ್ಮೆ ತಪ್ಪಿತು. ಏರು ಹತ್ತುವಾಗ ಸ್ಕೀ ಹಿಂದಕ್ಕೆ ಜಾರದಂತೆ ಹಿಡಿದಿಡುವುದೇ ಆ ಪಟ್ಟಿ. ಅದಿಲ್ಲದಿದ್ದರೆ ಮುಂದಕ್ಕೆ ಎರಡು ಹೆಜ್ಜೆ, ಹಿಂದಕ್ಕೆ ಮೂರು.

"ಅಂಟಿನ ತುಂಬ ಏನೇ ಇದು, ಬಿಳಿ ಬಿಳಿ?" ಬುರ್ಗಿ ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದಳು. "ಹಿಟ್ಟು!"

"ಬೇಕರಿ ಮೇಜಿನ ಮೇಲೆ ಒಣಗಕ್ಕೆ ಹಾಕಿದ್ದೆ ಕಣೇ. ಸ್ವಲ್ಪ ಮೆತ್ಕೊಂಡಿರ್ಬೇಕು."

"ಸ್ವಲ್ಪಾನಾ? ಇದ್ರಲ್ಲಿ ಒಂದು ಬ್ರೆಡ್ ಸುಡಬಹುದು ಮಾರಾಯ್ತಿ!"

ಟಿರೋಲಿನ ಆ ಕಣಿವೆಯಲ್ಲಿ ಇಬ್ಬರೂ ಇಪ್ಪತ್ತೆಂಟು ಚಳಿಗಾಲ ಜೊತೆಯಾಗಿ ಬೆಟ್ಟ ಹತ್ತಿದವರು. ಬುರ್ಗಿ ಊರಿನ ಬಸ್ಸು ಓಡಿಸುವವಳು; ಒಂದು ನಿಮಿಷ ತಡವಾದರೂ ಅವಳು ಸಹಿಸಳು. ಬೇಕರಿಯ ಆಫ್ರಾ ಕೂಡ ಅಚ್ಚುಕಟ್ಟಿನವಳೇ. ಆದರೆ ಇವತ್ತು ಆರಕ್ಕೆ ಬರಬೇಕಾದವಳು ಏಳಕ್ಕೆ ಬಂದಿದ್ದಳು. ಚಹಾದ ಫ್ಲಾಸ್ಕ್ ಮರೆತಿದ್ದಳು. ಹಿಮದಡಿ ಸಿಕ್ಕಿಕೊಂಡವರನ್ನು ಪತ್ತೆಹಚ್ಚುವ ಯಂತ್ರವನ್ನು ಎದೆಗೆ ಕಟ್ಟಿಕೊಂಡು ಅದರ ಗುಂಡಿ ಒತ್ತುವುದನ್ನೇ ಮರೆತಿದ್ದಳು. ಮಾರ್ಚ್ ಬಿಸಿಲಿಗೆ ಹನ್ನೊಂದರ ಮೇಲೆ ಹಿಮ ಸಡಿಲವಾಗಿ ಕುಸಿಯಬಹುದೆಂದು ಅವಳಿಗೆ ಹೇಳಿಕೊಡಬೇಕಿರಲಿಲ್ಲ.

ಬುರ್ಗಿ ಪಟ್ಟಿಯನ್ನು ಟೇಪಿನಿಂದ ಸುತ್ತಿದಳು. ಟೇಪು ಮುಗಿದ ಮೇಲೆ ತನ್ನ ಕತ್ತಿನ ವಸ್ತ್ರವನ್ನೇ ಬಿಗಿದಳು. ಅಂತೂ ಬೆಟ್ಟದ ಬೆನ್ನಿನ ಏಣು ಮುಟ್ಟಿದಾಗ ಹತ್ತೂಮುಕ್ಕಾಲು. ಶಿಖರದಲ್ಲಿ ನೆಟ್ಟಿದ್ದ ಶಿಲುಬೆಗೆ ಇನ್ನೂ ಅರ್ಧ ಗಂಟೆಯ ದಾರಿ. ಬುರ್ಗಿ ಕೈಕೋಲನ್ನು ಹಿಮಕ್ಕೆ ಚುಚ್ಚಿದಳು. ಅದು ಬೆಣ್ಣೆಗೆ ಇಳಿದಂತೆ ಹಿಡಿಯವರೆಗೂ ಇಳಿಯಿತು.

"ಮುಗೀತು. ಇಲ್ಲಿಂದ್ಲೇ ವಾಪಸ್."

ಆಫ್ರಾ ಚೀಲದ ಮೇಲೆ ಕುಳಿತಳು. "ಬುರ್ಗಿ, ಒಂದು ಮಾತು."

"ಇನ್ನೇನು ಮರ್ತಿದ್ದೀಯ?"

"ನಾನೂ ಕಾಸ್ಪರೂ ಮದುವೆ ಆಗ್ತಿದೀವಿ."

"ಯಾವ ಕಾಸ್ಪರ್?"

"ನಮ್ಮೂರಲ್ಲಿ ಎಷ್ಟು ಜನ ಕಾಸ್ಪರ್ ಇದಾರೆ? ನಿನ್ನ ಅಣ್ಣ."

ಹೆಂಡತಿ ತೀರಿಕೊಂಡ ಕಾಸ್ಪರನ ಜೊತೆ ಎಂಟು ವರ್ಷದಿಂದ ಒಂದೇ ಸೂರಿನಡಿ ಇದ್ದವಳು ಬುರ್ಗಿ. ಅವಳಿಗೆ ಮೊದಲು ಬಾಯಿಗೆ ಬಂದದ್ದು ಇಷ್ಟು: "ಅವನು ಒದ್ದೆ ಕಾಲ್ಚೀಲ ಒಲೆ ಮೇಲೆ ನೇತುಹಾಕ್ತಾನೆ, ಗೊತ್ತಾ?"

"ಗೊತ್ತು."

"ಊಟಕ್ಕೆ ಕೂತು ರೇಡಿಯೋ ಜೊತೆ ಜಗಳ ಆಡ್ತಾನೆ."

"ಅದೂ ಗೊತ್ತು. ಎರಡು ವರ್ಷದಿಂದ."

"ಎರಡು ವರ್ಷ!" ಪ್ರತಿ ಭಾನುವಾರ ಒಂದೇ ಜಾಡಿನಲ್ಲಿ ನಡೆದು, ಒಂದೇ ಸಾಸೇಜ್ ಹಂಚಿಕೊಂಡು ತಿಂದ ಎರಡು ವರ್ಷ. "ಇದನ್ನ ಹೇಳಕ್ಕೆ ಇಷ್ಟು ಎತ್ತರ ಹತ್ತಬೇಕಿತ್ತಾ? ಬೇಕರೀಲಿ ಬಾಯಿ ಬಿದ್ದೋಗಿತ್ತಾ?"

"ಅಲ್ಲಿ ಹೇಳಿದ್ರೆ ನೀನು ಬಾಗಿಲು ದಡಾರಂತ ಬಡಿದು ಹೋಗ್ತಿದ್ದೆ. ಇಲ್ಲಿ ಬಾಗಿಲಿಲ್ಲ."

ಬಾಗಿಲಿಲ್ಲದಿದ್ದರೂ ಬುರ್ಗಿ ಹೋದಳು. ಪಟ್ಟಿ ಕಿತ್ತು, ಬೂಟು ಬಿಗಿದು, ಹಿಂದೆ ನೋಡದೆ ಕೆಳಕ್ಕೆ ಜಾರಿದಳು. ಹತ್ತು ತಿರುವು ಇಳಿದಿರಬಹುದು, ಮೇಲಿಂದ ಕೂಗು ಕೇಳಿತು. ಆಫ್ರಾ ಹಿಮದಲ್ಲಿ ಮಗುಚಿ ಬಿದ್ದಿದ್ದಳು. ಅವಳ ಒಂದು ಸ್ಕೀ ಬುರ್ಗಿಯ ಪಕ್ಕದಿಂದಲೇ ಸುಯ್ಯೆಂದು ಹಾದು, ಕೆಳಗಿನ ಕುಳ್ಳ ಪೈನ್ ಪೊದೆಗೆ ಸಿಕ್ಕಿ ನಿಂತಿತು.

ಬುರ್ಗಿ ಅದನ್ನು ಹೆಕ್ಕಿ ಹೆಗಲಿಗೇರಿಸಿದಳು. ತೊಡೆಯವರೆಗೆ ಹೂತುಹೋಗುತ್ತ, ಆಫ್ರಾಳನ್ನೂ ಕಾಸ್ಪರನನ್ನೂ ಬಿಸಿಲನ್ನೂ ಸರದಿಯಂತೆ ಬೈಯುತ್ತ ಮತ್ತೆ ಮೇಲೇರಿದಳು. ಹಿಮದ ಸಣ್ಣ ಉಂಡೆಗಳು ತಾವಾಗಿಯೇ ಉರುಳತೊಡಗಿದ್ದನ್ನು ಕಂಡು ಬೈಗುಳ ನಿಂತಿತು.

"ನಾನು ಮರದ ಹತ್ರ ಹೋಗಿ ಕೈ ಎತ್ತೋವರ್ಗೂ ಅಲ್ಲಾಡಬೇಡ. ಆಮೇಲೆ ಬಾ."

ಆ ದಿನ ಮೊದಲ ಬಾರಿಗೆ ಆಫ್ರಾ ಹೇಳಿದಂತೆ ಕೇಳಿದಳು. ಇಬ್ಬರೂ ಮರಗಳ ನಡುವೆ ಸೇರಿದ ಮೇಲೆ, ಅವರು ಬಿದ್ದೆದ್ದ ಇಳಿಜಾರಿನಲ್ಲಿ ಒದ್ದೆ ಹಿಮದ ಒಂದು ಪಟ್ಟೆ ಬುಸ್ಸೆಂದು ಜಾರಿತು.

"ಮದುವೆ ಯಾವಾಗ?" ಬುರ್ಗಿ ಕೇಳಿದಳು.

"ಈಸ್ಟರ್ ಆದ್ಮೇಲೆ. ಅವನೇ ಬೇಕರಿ ಮೇಲಿನ ಮನೆಗೆ ಬರ್ತಾನೆ. ನಿನ್ನ ಮನೆ ನಿಂದೇ."

ರೇಡಿಯೋ ಇಲ್ಲದ ಅಡುಗೆಮನೆ. ಎಂಟು ವರ್ಷದಿಂದ ಬುರ್ಗಿ ಬಯಸಿದ್ದು ಅದನ್ನೇ. ಈಗ ಅದನ್ನು ನೆನೆದರೂ ಸಿಟ್ಟೇ ಬಂತು. ಯಾರ ಮೇಲೆಂದು ಗೊತ್ತಾಗಲಿಲ್ಲ.

"ಅತ್ತಿಗೆ ಗಿತ್ತಿಗೆ ಅಂತ ಮಾತ್ರ ಕರೆಯಲ್ಲ," ಎಂದಳು.

"ಕರೀಬೇಡ."

"ಮುಂದೆ ನಡಿ. ನನ್ನ ಕಣ್ಣಿಗೆ ಕಾಣೋ ಹಾಗಿರು. ಇನ್ನೊಂದು ಸಲ ಬಿದ್ರೆ ನಾನಂತೂ ಎತ್ತಲ್ಲ."

ಆಫ್ರಾ ಮುಂದೆ ಜಾರಿದಳು. ಊರು ತಲುಪುವುದರೊಳಗೆ ಮತ್ತೆರಡು ಸಲ ಬಿದ್ದಳು. ಎರಡೂ ಸಲ ಗೊಣಗುತ್ತಲೇ ಬುರ್ಗಿ ಎತ್ತಿದಳು.