ಎರಡು ಚಮಚ ಗಂಜಿ

ಮಗಳು ಅಪ್ಪನ ಅಂಗಿಯ ಮೂರನೇ ಗುಂಡಿ ಹಾಕುತ್ತಿದ್ದಾಗ ಅಣ್ಣ ಕೇಸಿನ ಫೈಲು ಹಿಡಿದುಕೊಂಡೇ ಒಳಗೆ ಬಂದ. ಹೆಣ ಒಯ್ಯುವ ಗಾಡಿ ಬರಲು ಇನ್ನೂ ಅರ್ಧ ಗಂಟೆಯಿತ್ತು. ಅಷ್ಟರೊಳಗೆ ತಂಗಿಯ ಸಹಿ ಬಿದ್ದುಬಿಡಲಿ ಎಂಬ ಆತುರ ಅವನದು. ಕಬ್ಬಿಣ ಕಾದಾಗಲೇ ಬಡಿಯಬೇಕಂತೆ, ವಕೀಲರೂ ಹಾಗೇ ಅಂದರಂತೆ. ಹರ್ನಿಯಾ ಅಂತ ತನ್ನ ಕಾಲ ಮೇಲೆ ಆಸ್ಪತ್ರೆಗೆ ನಡೆದು ಹೋದ ಮನುಷ್ಯ ನಾಲ್ಕು ತಿಂಗಳು ನರಳಿ ಹೀಗೆ ಮಲಗಿದ್ದಾನೆ ಎಂದರೆ, ಆ ಸರ್ಜನ್ನನ್ನು ಸುಮ್ಮನೆ ಬಿಡುವುದುಂಟೆ?

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ವಾರ್ಡಿನಲ್ಲಿ ಅಪ್ಪನ ಜೊತೆಗಿದ್ದವಳು ಮಗಳು. ಹೇಳಿಕೆ ಕೊಡಬೇಕಾದವಳೂ ಅವಳೇ. ಆಪರೇಶನ್ ಆದಮೇಲೆ ಬಾಯಿಗೇನಾದರೂ ಕೊಟ್ಟಿದ್ದಿರಾ ಎಂದು ವಕೀಲರು ಕೇಳಿದ ದಿನದಿಂದ ಅವಳು ಅವರ ಫೋನನ್ನೇ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪಾಡು ಅವಳದು, ಪಾಪ.

"ಅಪ್ಪನ್ನ ಕಳಿಸಿ ಬಂದಮೇಲೆ ನೋಡೋಣ ಬಿಡಣ್ಣ," ಎಂದು ನಾಲ್ಕನೇ ಗುಂಡಿಗೆ ಕೈ ಹಾಕಿದಳು.

*

ಆಪರೇಶನ್ ಆದ ಮೂರನೇ ದಿನ. ಹೊಟ್ಟೆ ಉಬ್ಬಿದೆ, ಹನಿ ನೀರೂ ಕೊಡಬೇಡಿ ಎಂದು ನರ್ಸಮ್ಮ ಹೇಳಿ ಹೋಗಿದ್ದಳು. ಐವತ್ತು ವರ್ಷ ಹೊಲಿಗೆ ಯಂತ್ರ ತುಳಿದು, ಯಾರ ಮುಂದೆಯೂ ಕೈಯೊಡ್ಡದ ದರ್ಜಿ ಅವತ್ತು ಮಗಳ ಕೈ ಹಿಡಿದು ಮಗುವಿನ ಹಾಗೆ ಬೇಡಿದ. ತನಗೆಂದು ತಂದುಕೊಂಡ ಗಂಜಿ ಅವಳ ಡಬ್ಬಿಯಲ್ಲಿತ್ತು. ಮುಚ್ಚಳ ತೆಗೆದು ಒಂದು ಚಮಚ ಕುಡಿಸಿದಳು.

"ಇನ್ನೊಂದು ಚಮಚ, ತಾಯೀ."

ಇನ್ನೊಂದನ್ನೂ ಕೊಟ್ಟಳು. ಸಂಜೆಗೆ ಮೈ ಕೆಂಡವಾಯಿತು, ಮತ್ತೆ ಹೊಟ್ಟೆ ಕೊಯ್ದರು. ಅವತ್ತಿನಿಂದ ಅವಳು ಗಂಜಿ ಮುಟ್ಟಲಿಲ್ಲ. ನಾನೇ ಅಪ್ಪನನ್ನು ಕೊಂದೆ ಎನ್ನುವುದನ್ನು ಗಂಡನ ಹತ್ತಿರವೂ ಬಾಯಿಬಿಡಲಿಲ್ಲ.

*

ಬಾಗಿಲಲ್ಲಿ ಸೇರಿದ್ದ ನೆರೆಯವರು ಸರಿದು ದಾರಿ ಬಿಟ್ಟರು. ಸರ್ಜನ್ ಬಂದು ನಿಂತಿದ್ದ, ಒಬ್ಬನೇ. ಅಣ್ಣ ನಾಲ್ಕು ತಿಂಗಳಿಂದ ಕೂಡಿಟ್ಟುಕೊಂಡಿದ್ದ ಬೈಗುಳವನ್ನೆಲ್ಲ ನಾಲಿಗೆ ತುದಿಗೆ ತಂದುಕೊಂಡ. ಮಗಳ ಕಣ್ಣು ಮಾತ್ರ ಸರ್ಜನ್ನನ ಅಂಗಿ ತೋಳಿನ ಮೇಲೆ ಬಿತ್ತು. ಅಲ್ಲಿ ಗುಂಡಿಗೆ ಒಂದೆಳೆ ಕೆಂಪು ನೂಲು ಸುತ್ತಿತ್ತು.

ಅದು ಅಪ್ಪನ ಅಂಗಡಿಯ ಪದ್ಧತಿ. ಹೊಲಿಗೆಯಲ್ಲಿ ತನ್ನ ಕೈ ತಪ್ಪಿದ ಜಾಗಕ್ಕೆ ಕೆಂಪು ನೂಲು ಕಟ್ಟಿ ಗಿರಾಕಿಗೆ ತಾನಾಗಿ ತೋರಿಸುತ್ತಿದ್ದ. ಬೈಯೋದಿದ್ದರೆ ಬೈದುಬಿಡಿ, ಬಿಚ್ಚಿ ಹೊಲಿಯೋಣ ಎನ್ನುವವನು. ಈ ಹುಚ್ಚು ಪ್ರಾಮಾಣಿಕತೆಗೆ ಗಾಬರಿಬಿದ್ದು ಬೇರೆ ಅಂಗಡಿಗೆ ಓಡಿದವರೂ ಉಂಟು.

"ಹೋದ ವಾರ ನಿಮ್ಮ ತಂದೆ ಹತ್ರ ತಪ್ಪು ಒಪ್ಕೊಂಡೆ," ಎಂದ ಸರ್ಜನ್. "ಅವರೇ ಇದನ್ನ ಕಟ್ಟಿದ್ರು. ಮಗಳಿಗೆ ತೋರಿಸೋವರೆಗೂ ಬಿಚ್ಚಬೇಡಿ ಅಂದ್ರು. ಮೊದಲನೇ ಆಪರೇಶನ್ನಲ್ಲೇ ನನ್ನ ಕೈಯಿಂದ ಕರುಳಿಗೆ ತೂತು ಬಿದ್ದಿತ್ತು. ನೋಡದೆ ಹಾಗೇ ಹೊಲಿದುಬಿಟ್ಟೆ."

ಅವಳು ಅಪ್ಪನ ಅಂಗಿಯಿಂದ ಕೈ ತೆಗೆದಳು. "ನಾನು ಗಂಜಿ ಕೊಟ್ಟಿದ್ದೆ. ಎರಡು ಚಮಚ."

"ಗೊತ್ತು, ಅವರೇ ಹೇಳಿದ್ರು. ಜ್ವರ ಹಿಂದಿನ ರಾತ್ರಿನೇ ಶುರುವಾಗಿತ್ತು, ಚಾರ್ಟಲ್ಲಿದೆ. ನೀವು ಹನಿ ನೀರು ಕೊಡದೇ ಇದ್ದಿದ್ರೂ ಇದೇ ಆಗ್ತಿತ್ತಮ್ಮ."

ತಾನು ಹೇಳಿದರೆ ಬರೀ ಸಮಾಧಾನಕ್ಕೆ ಹೇಳುತ್ತಿದ್ದಾನೆ ಅಂದುಕೊಂಡು ಮಗಳು ನಂಬುವುದಿಲ್ಲ, ಆದ್ದರಿಂದ ನೀವೇ ಹೇಳಿ ಅಂದಿದ್ದನಂತೆ ಅಪ್ಪ. ಒಂದು ವಾರ ಧೈರ್ಯ ಸಾಲಲಿಲ್ಲವಂತೆ ಈ ಮನುಷ್ಯನಿಗೆ. ಚಾರ್ಟಿನ ನಕಲನ್ನು ಅಣ್ಣನ ಕೈಗಿಟ್ಟು, ನೀವು ಕೇಸು ಹಾಕಿ, ಕೋರ್ಟಿನಲ್ಲಿಯೂ ಇದನ್ನೇ ಹೇಳುತ್ತೇನೆ ಎಂದ. ಬಾಯಿಗೆ ಬಂದ ಬೈಗುಳವನ್ನು ಎಲ್ಲಿ ಇಳಿಸುವುದೋ ತಿಳಿಯದೆ ಅಣ್ಣ ಫೈಲು ತೆರೆದು ನಕಲನ್ನು ಒಳಗಿಟ್ಟ.

ಮಗಳು ಮೂಲೆಯ ಹೊಲಿಗೆ ಯಂತ್ರದ ಡ್ರಾಯರಿನಿಂದ ಅಪ್ಪನ ಸಣ್ಣ ಕತ್ತರಿ ತಂದು, ತೋಳಿನ ನೂಲು ಕತ್ತರಿಸಿ ಫೈಲಿನೊಳಗೆ ಇಟ್ಟಳು. ಯಂತ್ರದ ಹಲಗೆಯ ಮೇಲೇ ಸಹಿ ಹಾಕಿದಳು. ಆಮೇಲೆ ಅಪ್ಪನ ಕಾಲ ಬಳಿ ಕೂತು ಮನಸಾರೆ ಅತ್ತಳು. ಎಷ್ಟೋ ಹಗುರವಾಯಿತು.

ಮಧ್ಯಾಹ್ನ ಅಪ್ಪನನ್ನು ಕಳಿಸಿ ಬಂದವರಿಗೆ ಪಕ್ಕದ ಮನೆ ದೊಡ್ಡಮ್ಮ ಬಿಸಿ ಗಂಜಿ ಬಡಿಸಿದರು. ನೀನಿದನ್ನ ಮುಟ್ಟಲ್ಲ ಅಂತ ಗೊತ್ತು ಕಣೇ ಎಂದು ಇವಳ ಮುಂದೆ ಬ್ರೆಡ್ ಇಟ್ಟರು. ಅವಳು ಬ್ರೆಡ್ಡನ್ನು ಪಕ್ಕಕ್ಕೆ ಸರಿಸಿ ಗಂಜಿಯ ಬಟ್ಟಲು ಎಳೆದುಕೊಂಡಳು, ತಲೆ ಎತ್ತದೆ ತಳದವರೆಗೂ ಕುಡಿದಳು, ಖಾಲಿ ಬಟ್ಟಲು ಮುಂದೆ ಚಾಚಿದಳು.

"ಇನ್ನೊಂದು ಚಮಚ, ದೊಡ್ಡಮ್ಮ."