ಶಿಲುಬೆಗೆ ಕಟ್ಟಿದ ಜೇನು

ಮತೇವ್ ಬೀಗದ ಕೈಯನ್ನು ಮೊದಲ ಜೇನುಪೆಟ್ಟಿಗೆಯತ್ತ ಎತ್ತಿಯೇಬಿಟ್ಟಿದ್ದ.

"ಚಿಕ್ಕಪ್ಪ, ತಡೀರಿ! ಅದನ್ನ ಮಾತ್ರ ತಟ್ಟಬೇಡಿ!" ನೇಜಾ ಶವಪೆಟ್ಟಿಗೆಯ ಬಳಿಯಿಂದ ಓಡಿ ಬಂದಳು.

ಕರವಾಂಕೆ ಬೆಟ್ಟದಡಿಯ ಆ ಊರಲ್ಲಿ ಯಜಮಾನ ಸತ್ತರೆ, ಹೆಣ ಅಂಗಳ ದಾಟುವ ಮೊದಲು ವಾರಸುದಾರರು ಮನೆಯ ಬೀಗದ ಕೈಯಿಂದ ತಟ್ಟಿ ಜೇನುಹುಳಗಳಿಗೆ ಸುದ್ದಿ ಹೇಳಬೇಕು. ತಟ್ಟಿದವರದೇ ಜೇನು. ಈಗ ತೀರಿಕೊಂಡಿದ್ದ ಲೋವ್ರೊನ ಪೆಟ್ಟಿಗೆಗಳನ್ನು ಇಷ್ಟು ವರ್ಷ ಅವನ ಜೊತೆ ನೋಡಿಕೊಂಡವಳು ಸಾಕುಮಗಳು ನೇಜಾ. ಆದರೆ ಅವನ ತಮ್ಮ ಮತೇವ್ ಬೆಳಗಿನಿಂದ ಒಂದೇ ಪಟ್ಟು ಹಿಡಿದಿದ್ದ.

"ಜೇನಿಗೆ ರಕ್ತದ ವಾಸನೆ ಗೊತ್ತಾಗತ್ತಮ್ಮ. ನನ್ನ ಕಿವಿ ನೋಡು, ಥೇಟ್ ಅಣ್ಣಂದೇ. ನೀನು ಅನಾಥಾಲಯದಿಂದ ಬಂದೋಳು. ನೋಡಲ್ಲಿ, ಸುದ್ದಿ ಕೇಳೋಕೆ ಬಾಗಿಲಿಗೇ ಬಂದು ಕೂತಿವೆ!"

ಹುಳಗಳು ಪೆಟ್ಟಿಗೆಯ ಬಾಗಿಲಲ್ಲಿ ಗಡ್ಡದಂತೆ ಜೋತುಬಿದ್ದಿದ್ದವು.

"ಸುದ್ದಿ ಕೇಳೋಕಲ್ಲ, ಹಿಂಡು ಎರಡು ಪಾಲಾಗಿ ಹಾರಿಹೋಗೋಕೆ ಕೂತಿವೆ..."

ಟಕ್, ಟಕ್, ಟಕ್.

ಪೆಟ್ಟಿಗೆ ಭೋರ್ಗರೆದು ಹೊರಸುರಿಯಿತು. ಅಂಗಳದ ಬಿಸಿಲೇ ಕಪ್ಪಾಯಿತು. ಮತೇವ್ ಟೋಪಿ ಬೀಸುತ್ತ ಓಡಿದ. ಹಿಂಡು ಶವಪೆಟ್ಟಿಗೆಯ ಸುತ್ತ ಎರಡು ಸುತ್ತು ಹಾಕಿ, ಪಕ್ಕದ ಮನೆಯ ಯೆರ್ನೇಯ್ ಹಿಡಿದು ನಿಂತಿದ್ದ ಶಿಲುಬೆಯ ತೋಳಿಗೆ ಕಟ್ಟಿತು.

"ಕದಲಬೇಡಿ ಮಾವ!"

"ನಾನು ಕದಲಲ್ಲ ಮಗಳೇ. ಮೂಗಿನ ಮೇಲೊಂದು ಕೂತಿದೆ, ಅದಕ್ಕೂ ಒಂದು ಮಾತು ಹೇಳು."

*

ಆರು ವರ್ಷದ ನೇಜಾ ಬಂದ ದಿನವೇ ಲೋವ್ರೊನ ಕೈ ಕಚ್ಚಿದ್ದಳು. "ಕಚ್ಚೋ ತಳಿ, ವಾಪಸ್ ಬಿಟ್ಟು ಬಾ" ಎಂದಿದ್ದ ಮತೇವ್.

ಲೋವ್ರೊ ಅವಳನ್ನು ಜೇನಿನ ಹತ್ತಿರ ಕರೆದೊಯ್ದ. "ಕುಟುಕೋ ಪೆಟ್ಟಿಗೆಯ ರಾಣಿನ ನಾನು ಬದಲಾಯಿಸ್ತೀನಿ. ಸಾಧು ರಾಣಿಯ ಮಕ್ಕಳು ಸಾಧುವಾಗೇ ಹುಟ್ತವೆ. ಅದು ರಕ್ತ." ಆಮೇಲೆ ಮೇಣದ ಗೂಡಿನೊಳಗಿನ ಬಿಳಿ ಮೊಟ್ಟೆಯೊಂದನ್ನು ತೋರಿಸಿದ. "ಆದ್ರೆ ಇದು ಆಳಾಗತ್ತೋ ರಾಣಿಯಾಗತ್ತೋ, ಅದು ಇಟ್ಟೋಳ ಕೈಲಿಲ್ಲ. ಉಣಿಸೋರ ಕೈಲಿದೆ."

ಕಚ್ಚಿಸಿಕೊಂಡ ಆ ಕೈಯಿಂದಲೇ ಬ್ರೆಡ್ಡಿಗೆ ಜೇನು ಸವರಿ ಅವಳಿಗೆ ಕೊಟ್ಟಿದ್ದ.

*

ನೇಜಾ ಕರಿಯ ಅಂಗಿಯ ತೋಳುಗಳನ್ನು ಮೇಲೆ ಮಡಚಿದಳು. ಯಾರೂ ಕೇಳದೆಯೇ ಯೆರ್ನೇಯ್‌ನ ಹೆಂಡತಿ ಇವಾಂಕಾ ಹೊಸ ಬೂಟಿನಲ್ಲೇ ಕೆಸರು ತುಳಿದು ಖಾಲಿ ಪೆಟ್ಟಿಗೆ ತಂದಿಟ್ಟಳು. ಎಡ ಭುಜ ಕೊಂಚ ಇಳಿಸಿ, ಮೂಗಿನಲ್ಲೇ ಏನೋ ಗುನುಗುತ್ತ, ನೇಜಾ ಶಿಲುಬೆಯತ್ತ ನಡೆದಳು.

ಕೆಂಪಗೆ ಊದಿದ ಕಿವಿ ಹಿಡಿದುಕೊಂಡಿದ್ದ ಮತೇವ್‌ಗೆ ಇವಾಂಕಾ ಹೇಳಿದಳು: "ಕಿವಿ ಅಣ್ಣಂದೇ ಬಿಡಪ್ಪ. ಆ ನಡಿಗೆ ಯಾರದು, ನೋಡಿ ಹೇಳು."

ನೇಜಾ ಶಿಲುಬೆಯನ್ನು ಒಮ್ಮೆ ಜೋರಾಗಿ ಕೊಡವಿದಳು. ಹಿಂಡು ಧೊಪ್ಪೆಂದು ಪೆಟ್ಟಿಗೆಗೆ ಬಿತ್ತು. ರಾಣಿ ಒಳಗೆ ಬಿದ್ದಿದ್ದರೆ ಉಳಿಯುತ್ತವೆ, ಇಲ್ಲದಿದ್ದರೆ ಕಾಡು ಸೇರುತ್ತವೆ. ಪಾದ್ರಿಯೂ ಪುಸ್ತಕ ಮಡಚಿ ಕಾದರು.

ಹಿಂದಿನಿಂದ ಯಾರೋ ಬೀಗದ ಕೈಯನ್ನು ಅವಳ ಅಂಗೈಗೆ ಇಟ್ಟರು. ತಿರುಗಿದರೆ ಮತೇವ್, ನೆಲ ನೋಡುತ್ತಿದ್ದ.

ಅವಳು ಮೆಲ್ಲಗೆ ಮೂರು ಸಲ ತಟ್ಟಿದಳು. "ಅಪ್ಪ ಹೋದ್ರು. ಇನ್ಮೇಲೆ ನಾನಿದ್ದೀನಿ."

ಒಂದು ಹುಳ ಬಾಗಿಲಿಗೆ ಬಂತು. ಬಾಲ ಎತ್ತಿ, ನಿಂತಲ್ಲೇ ರೆಕ್ಕೆ ಬೀಸಿತು. ಮತ್ತೊಂದು ಬಂತು, ಇನ್ನೂ ಹತ್ತು ಬಂದವು. ಬಾಗಿಲುದ್ದಕ್ಕೂ ಸಾಲುಗಟ್ಟಿ ರೆಕ್ಕೆ ಬೀಸುತ್ತ, ಹೊರಗುಳಿದವನ್ನೆಲ್ಲ ಒಳಗೆ ಕರೆಯತೊಡಗಿದವು.