ಅಣ್ಣ ಹೇಳುವ ‘ಇಲ್ಲ’

ಗಡಿಬಿಡಿ ಮೂರನೇ ಸಲ ಕಾರು ತಂದು ನಮ್ಮ ಗ್ಯಾರೇಜಿನ ಶೆಡ್ಡಿನ ಮುಂದೆ ನಿಲ್ಲಿಸಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಟ್ಯಾಕ್ಸಿ ಓಡಿಸುವ ಈ ಮನುಷ್ಯ ಉಸಿರಾಡುವುದಕ್ಕೂ ಅವಸರ ಮಾಡುವವನು, ಅದಕ್ಕೇ ಆ ಹೆಸರು. ದೂರು ಹಳೆಯದೇ: ಮುಂದಿನ ಚಕ್ರದ ಹತ್ತಿರ ಕಟಕಟ ಸದ್ದು, ಸ್ಟೇರಿಂಗು ಹಿಡಿತಕ್ಕೆ ಸಿಗುತ್ತಿಲ್ಲ.

“ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ,” ಎಂದೆ. “ಹಳ್ಳ ದಿಣ್ಣೆ ನೋಡ್ಕೊಂಡು ಓಡ್ಸು ಮಹರಾಯ. ನಮ್ಮಣ್ಣ ಎರಡು ಸಲ ಹಿಡಿದು ನೋಡಿದ್ದಾನೆ. ಪ್ಲೇ ಇಲ್ಲ, ಎಲ್ಲೂ ಸಡಿಲ ಇಲ್ಲ ಅಂದ್ರೆ ಇಲ್ಲ.”

“ನಿಮ್ಮಣ್ಣನ ಮಾತು ನಾನು ತೆಗೆದುಹಾಕ್ತೀನಾ? ಕಾರು ಕೇಳ್ತಿಲ್ವಲ್ಲ, ಏನ್ಮಾಡ್ಲಿ?” ಎಂದ ಗಡಿಬಿಡಿ.

ನಮ್ಮ ಶೆಡ್ಡಿನ ಪದ್ಧತಿ ಅಪ್ಪನ ಕಾಲದ್ದು. ಒಬ್ಬ ಸೀಟಿನಲ್ಲಿ ಕೂತು ಸ್ಟೇರಿಂಗನ್ನು ಚೂರು ಎಡಕ್ಕೆ, ಚೂರು ಬಲಕ್ಕೆ ಅಲ್ಲಾಡಿಸಬೇಕು. ಇನ್ನೊಬ್ಬ ಕಾರಿನಡಿಯ ಗುಂಡಿಗಿಳಿದು, ಚಕ್ರವನ್ನು ತಿರುಗಿಸುವ ರಾಡಿನ ತುದಿಯ ಜಾಯಿಂಟನ್ನು ಮುಷ್ಟಿಯಲ್ಲಿ ಹಿಡಿದಿರಬೇಕು. ಜಾಯಿಂಟು ಸವೆದಿದ್ದರೆ ಅಂಗೈಗೆ ಟಕ್ಕೆಂದು ಬಡಿಯುತ್ತದೆ. ಆಗ ‘ಬಂತು’ ಅನ್ನಬೇಕು, ಬಡಿಯದಿದ್ದರೆ ‘ಇಲ್ಲ’. ಅಪ್ಪ ಹೋದ ಮೇಲೆ ಗುಂಡಿ ಅಣ್ಣನದಾಯಿತು, ಸೀಟು ನನ್ನದಾಯಿತು. ನನಗೆ ಮೂಗಿನ ತುದಿಯಲ್ಲೇ ಕೋಪ, ಕೈಯಲ್ಲಿ ತಾಳ್ಮೆಯಿಲ್ಲ. ಕೂತು ಅಲ್ಲಾಡಿಸುವುದಕ್ಕೆ ಅದೇನೂ ಬೇಕಿಲ್ಲವಲ್ಲ. ಅಣ್ಣ ‘ಬಂತು’ ಅಂದರೆ ಬಿಚ್ಚುತ್ತಿದ್ದೆವು, ‘ಇಲ್ಲ’ ಅಂದರೆ ಕಾರು ರಸ್ತೆಗಿಳಿಯುತ್ತಿತ್ತು. ಮಗಳು ಗಂಡನ ಮನೆ ಸೇರಿ, ಅತ್ತಿಗೆ ತೀರಿಹೋದ ಮೇಲೆ ಅವನಿಗೆ ಬದುಕು ಅಂತ ಉಳಿದಿದ್ದು ಆ ಗುಂಡಿಯೊಂದೇ. ಭಾನುವಾರವೂ ಬಂದು ಅದರ ಮೆಟ್ಟಿಲು ಗುಡಿಸುತ್ತಿದ್ದ.

ಗಡಿಬಿಡಿಯ ಕಾರನ್ನು ಗುಂಡಿಯ ಮೇಲೆ ತಂದೆವು. ನಾನು ಅಲ್ಲಾಡಿಸಿದೆ.

“ಇಲ್ಲ,” ಎಂದಿತು ಕೆಳಗಿನ ದನಿ.

“ಸರಿಯಾಗಿ ಹಿಡಿ.”

“ಹಿಡಿದಿದ್ದೀನಪ್ಪಾ. ಇಲ್ಲ.”

ಆದರೆ ಆ ಸದ್ದು ಈಗ ನನ್ನ ಕಿವಿಗೇ ಬೀಳುತ್ತಿತ್ತು. ತಲೆ ಕೆಟ್ಟುಹೋಯಿತು. “ನೀನು ಮೇಲೆ ಬಾ, ನಾನು ಇಳೀತೀನಿ,” ಎಂದೆ. ಅಣ್ಣ ಒಂದು ಗಳಿಗೆ ನನ್ನ ಮುಖ ನೋಡಿದ. ಹಾಗೆ ನಾನು ಯಾವತ್ತೂ ಹೇಳಿದವನಲ್ಲ. ಮೇಲೆ ಬಂದು ಸೀಟಿನಲ್ಲಿ ಕೂತ.

ಜಾಯಿಂಟಿಗೆ ಕೈಯಿಟ್ಟೆ. ಬೀಳಲಿರುವ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಇನ್ನೊಂದು ದೊಡ್ಡ ಹಳ್ಳ ಸಿಕ್ಕಿದ್ದರೆ ಕಳಚಿಕೊಂಡು, ಚಕ್ರ ಒಂದು ದಿಕ್ಕು, ಸ್ಟೇರಿಂಗು ಒಂದು ದಿಕ್ಕು ಆಗುತ್ತಿತ್ತು.

“ಥೂ! ಏನಣ್ಣಾ ಇದು?” ಗುಂಡಿಯಿಂದಲೇ ಕೂಗಿದೆ. “ಕೈಯಲ್ಲಿ ಹಿಡಿದಿದ್ಯೋ, ಇಲ್ಲ ನಿಂತಲ್ಲೇ ನಿದ್ದೆ ಹೊಡೀತಿದ್ಯೋ? ಮನುಷ್ಯ ಸಾಯ್ತಿದ್ನಲ್ಲೋ!”

ಅಣ್ಣ ಇಳಿದು ಬಂದ. ಗಡಿಬಿಡಿಯನ್ನೇ ಸೀಟಿಗೆ ಹತ್ತಿಸಿ ಅಲ್ಲಾಡಿಸಲು ಹೇಳಿ, ಬಲಗೈಯಲ್ಲಿ ಹಿಡಿದ, ಎಡಗೈಯಲ್ಲಿ ಹಿಡಿದ, ಕೊನೆಗೆ ಎರಡೂ ಕೈಯಲ್ಲಿ. ಜಾಯಿಂಟು ಅವನ ಬೆರಳ ನಡುವೆ ಕುಣಿಯುತ್ತಿದ್ದುದು ನನ್ನ ಕಣ್ಣಿಗೆ ಕಾಣುತ್ತಿತ್ತು. ಅವನ ಮುಖದಲ್ಲಿ ಏನೂ ಇರಲಿಲ್ಲ.

“ನೀನು ಹೇಳಿದ ಮೇಲೆ ಇದ್ದೇ ಇರುತ್ತೆ ಬಿಡು,” ಎಂದ.

ಅವನ ಅಂಗೈಯನ್ನು ಲೈಟಿಗೆ ತಿರುಗಿಸಿದೆ. ಬಿಸಿ ಸೈಲೆನ್ಸರ್ ತಾಗಿ ಸುಟ್ಟ ಗುಳ್ಳೆ, ಅಂಗೈಯಗಲ, ಒಡೆದು ಗ್ರೀಸು ಮೆತ್ತಿಕೊಂಡಿತ್ತು. ಅದು ಯಾವಾಗ ಆಯಿತೆಂದು ಅವನಿಗೇ ಗೊತ್ತಿರಲಿಲ್ಲ.

“ಸಕ್ಕರೆ ಕಾಯಿಲೆ ಅಂದ್ರಲ್ಲ ಡಾಕ್ಟ್ರು, ಆವಾಗಿಂದ ಸ್ವಲ್ಪ ಜೋಮು ಹಿಡಿದಂಗೆ ಇತ್ತು,” ಎಂದ ಅಣ್ಣ. “ಇವತ್ತಲ್ಲ ನಾಳೆ ಬಿಡುತ್ತೆ ಅಂದ್ಕೊಂಡೆ.”

“ಮತ್ತೆ ‘ಇಲ್ಲ, ಇಲ್ಲ’ ಅಂತ ಹೆಂಗೆ ಹೇಳ್ತಿದ್ದೆ?”

“ಕೈಗೆ ಏನೂ ಬಡೀತಿರಲಿಲ್ಲ ಕಣೋ.” ತಪ್ಪು ಎಲ್ಲಿದೆಯೆಂದು ನಿಜಕ್ಕೂ ಹುಡುಕುವವನಂತೆ ನಿಧಾನವಾಗಿ ಹೇಳಿದ. “ಬಡೀಲಿಲ್ಲ ಅಂದ್ರೆ ಇಲ್ಲ ಅಂತ ತಾನೇ? ಅಪ್ಪ ಹಂಗೇ ತಾನೇ ಹೇಳಿಕೊಟ್ಟಿದ್ದು?”

ಬೈಯುವುದಕ್ಕೆ ಯಾರೂ ಸಿಗಲಿಲ್ಲ. ಇನ್ನು ಮುಂದೆ ಅವನನ್ನು ಗುಂಡಿಗಿಳಿಸುವಂತಿಲ್ಲ, ಅದನ್ನು ನಾನೇ ಅವನಿಗೆ ಹೇಳಬೇಕು ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅಣ್ಣ ಗೋಡೆ ಹಿಡಿದುಕೊಂಡ.

“ಮಗಳ ಕಾರು,” ಎಂದ. “ನಿನ್ನೆ ಮನೆ ಮುಂದೆ ನಾನೇ ಹಿಡಿದು ನೋಡ್ದೆ. ಇಲ್ಲ ಅಂದೆ. ಇವತ್ತು ಮಗೂನ ಕೂರಿಸ್ಕೊಂಡು ಘಾಟಿ ಇಳೀತಾಳೆ ಕಣೋ.”

ಅಣ್ಣನಿಗೆ ಇರುವವಳು ಅವಳೊಬ್ಬಳೇ. ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ದೇವರೇ, ಎತ್ತೇ ತಾಯಿ ಎಂದು ಫೋನಿಗೇ ಹೇಳುತ್ತಿದ್ದೆ. ಕೊನೆಗೆ ಎತ್ತಿದಳು. ಘಾಟಿಯ ತಲೆಯಲ್ಲಿರುವ ಪೆಟ್ರೋಲ್ ಬಂಕಿನಲ್ಲಿ ನಿಂತಿದ್ದಳು, ಮಗುವಿಗೆ ವಾಂತಿಯಾಗಿತ್ತಂತೆ. “ಅಲ್ಲೇ ಇರು, ಕಾರು ಮುಟ್ಟಬೇಡ,” ಎಂದು ಗದರಿದೆ.

ಗಡಿಬಿಡಿ ತನ್ನ ಕಾರಿನ ಕೀಲಿಯನ್ನು ಶೆಡ್ಡಿನ ಮೊಳೆಗೆ ನೇತುಹಾಕಿ ನಡೆದುಕೊಂಡು ಹೋದ. ಅವನು ನಿಧಾನವಾಗಿ ನಡೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬೈಕಿನಲ್ಲಿ ಹೊರಟೆವು. ಹಿಂದೆ ಕೂತ ಅಣ್ಣ ನನ್ನ ಹೆಗಲು ಹಿಡಿದಿದ್ದ. ಎಷ್ಟು ಬಿಗಿಯಾಗಿ ಹಿಡಿದಿದ್ದೇನೆಂದು ಅವನಿಗೆ ತಿಳಿಯುತ್ತಿರಲಿಲ್ಲ. ನನಗೆ ಮೂಳೆ ನೋಯುತ್ತಿತ್ತು. ಬಿಡು ಅನ್ನಲು ಮನಸ್ಸಾಗಲಿಲ್ಲ. ಎದುರಿಗೆ ಹಳದಿ ವ್ಯಾನೊಂದು ಶಾಲೆಯ ಮಕ್ಕಳನ್ನು ತುಂಬಿಕೊಂಡು ಹಾದುಹೋಯಿತು.

“ಅದೂ ನಮ್ಮಲ್ಲಿ ಬಂದಿತ್ತು,” ಎಂದ ನನ್ನ ಕಿವಿಯ ಹತ್ತಿರ. ಸ್ವಲ್ಪ ಮುಂದೆ ಒಂದು ಜೀಪು ಕಂಡು, “ಅದೂ” ಎಂದ. ಆಮೇಲೆ ಎಣಿಸುವುದನ್ನು ಬಿಟ್ಟ. ಎಲ್ಲರನ್ನೂ ವಾಪಸು ಕರೆದು ನಾನೇ ಹಿಡಿದು ನೋಡ್ತೀನಿ ಅಂದೆ. ಆದರೆ ಗುರುತು ಪರಿಚಯ ಇಲ್ಲದವರು, ದಾರಿಹೋಕರು, ಒಂದೇ ಸಲ ಬಂದು ಹೋದವರನ್ನು ಎಲ್ಲಿಂದ ಕರೆಯುವುದು? ನನಗೆ ಅಳು ಬಂತು. ಹೆಲ್ಮೆಟ್ಟಿನೊಳಗೇ ಅತ್ತೆ.

ಬಂಕಿನ ಮೂಲೆಯಲ್ಲಿ ಮಗಳು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಕಂಗಾಲಾಗಿ ನಿಂತಿದ್ದಳು. “ಏನಾಯ್ತು ಚಿಕ್ಕಪ್ಪ? ಯಾರಿಗೇನಾಯ್ತು?”

“ಏನೂ ಆಗಿಲ್ಲ ಪುಟ್ಟಿ. ಹತ್ತಿ ಕೂತ್ಕೊ, ಸ್ಟೇರಿಂಗ್ ಅಲ್ಲಾಡ್ಸು.”

ಮುಂದಿನ ಚಕ್ರದ ಹಿಂದೆ ಕೈ ತೂರಿಸಿ ಜಾಯಿಂಟು ಹಿಡಿದೆ. ಬಲಗಡೆ ನೋಡಿದೆ, ಎಡಗಡೆ ನೋಡಿದೆ, ಮತ್ತೆ ಬಲಗಡೆ. ಕಲ್ಲಿನಂತೆ ಗಟ್ಟಿಯಾಗಿತ್ತು. ಎಲ್ಲಿಯೂ ಒಂದಿಷ್ಟೂ ಬಡಿಯಲಿಲ್ಲ. ಹೋದ ಜೀವ ಬಂದಂತಾಗಿ ಎದ್ದು ನಿಂತೆ.

“ಇಲ್ಲಣ್ಣ. ಇಲ್ಲ! ನಿನ್ನೆ ನೀನು ಹೇಳಿದ್ದೇ ಸರಿ.”

ಅಣ್ಣ ನನ್ನನ್ನೇ ನೋಡಿದ. “ನಿನ್ನೆ ನಾನೂ ಇಷ್ಟೇ ಧೈರ್ಯವಾಗಿ ಹೇಳ್ದೆ,” ಎಂದ.

“ನನ್ನ ಕೈ ಸರಿಯಾಗಿದೆ ಕಣಣ್ಣಾ!”

“ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೇ?”

“ನಿನ್ನಾಣೆ ಇಲ್ಲ.”

ಅವನು ತಲೆಯಾಡಿಸಿದ. ಆದರೂ ಚಪ್ಪಲಿ ಬಿಟ್ಟು, ಎಣ್ಣೆ ಚೆಲ್ಲಿದ ನೆಲದ ಮೇಲೆ ಅಂಗಾತ ಮಲಗಿ, ಆ ಸುಟ್ಟ ಕೈಯನ್ನು ಚಕ್ರದ ಹಿಂದೆ ತೂರಿಸಿ ಜಾಯಿಂಟು ಹಿಡಿದುಕೊಂಡ. ಬೆರಳು ಸರಿಯಾದ ಜಾಗದಲ್ಲೇ ಕೂತಿತ್ತು. ಅಪ್ಪ ಇದ್ದಿದ್ದರೂ ಒಂದು ಕೊಂಕು ತೆಗೆಯಲಾಗುತ್ತಿರಲಿಲ್ಲ.

“ಅಲ್ಲಾಡ್ಸು ಮಗಳೇ,” ಎಂದ.

ಅವಳಿಗೆ ಏನೊಂದೂ ಅರ್ಥವಾಗಿರಲಿಲ್ಲ. ತನ್ನಪ್ಪ ಹೇಳಿದ ಅಂತ ಅಲ್ಲಾಡಿಸಿದಳು. ಬಂಕಿನ ಜನ ನಿಂತು ನೋಡತೊಡಗಿದರು. ಅಣ್ಣ ಕಣ್ಣು ಮುಚ್ಚಿ ಹಿಡಿದೇ ಇದ್ದ. ಇಷ್ಟು ವರ್ಷ ಕಾರಿನ ಕೆಳಗಿನಿಂದ ನಮಗೆಲ್ಲ ಉತ್ತರ ಹೇಳಿದವನು ಕಣ್ಣು ಬಿಟ್ಟು ನನ್ನನ್ನು ಕೇಳಿದ:

“ಬಂತೇನೋ?”

“ಇಲ್ಲಣ್ಣ,” ಎಂದೆ.

“ಇನ್ನೊಂದ್ಸಲ ಅಲ್ಲಾಡ್ಸು ಮಗಳೇ,” ಎಂದ ಅಣ್ಣ.